ವೃತ್ತ ಕಟ್ಟುವುದು, ವೃತ್ತ ಬಿಚ್ಚುವುದು

(ಮೈಸೂರಿನಲ್ಲಿ ಓದುಗ ಗೆಳೆಯರ ಮುಂದೆ ಆಡಿದ ಮಾತುಗಳು. ಆಡಿದ ಹಾಗೆಯೇ ಬರೆದಿದ್ದೇನೆ, ಅಲ್ಲಲ್ಲಿ ಸ್ವಲ್ಪ ಸರಿ ಮಾಡಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಉತ್ತರದ ಒಂದು ಊರು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ ಒಂದು ಮನೆಯ ಹಾಲ್. ಸೋಫಾವನ್ನು ಗೋಡೆಗೆ ತಳ್ಳಿದ್ದಾರೆ, ಟೀವಿಯ ಮೇಲೆ ಒಂದು ಶಾಲು ಹೊದಿಸಿದ್ದಾರೆ. ಟೀಪಾಯಿ ನಡುಮಧ್ಯಕ್ಕೆ ಬಂದಿದೆ. ಅದರ ಮೇಲೆ ಒಂದು ಬಟ್ಟಲು ನೀರು, ಪುಟ್ಟ ತಟ್ಟೆಯಲ್ಲಿ ಉಪ್ಪು, ಧೂಪ, ಎರಡು ಮೇಣದಬತ್ತಿ, ಕಪ್ಪು ಹಿಡಿಯ ಒಂದು ಚಾಕು. ಹುಣ್ಣಿಮೆ ರಾತ್ರಿ, ಆದರೆ ಹೊರಗೆ ಮಳೆ, ಚಂದ್ರ ಕಾಣುತ್ತಿಲ್ಲ. ಆರು ಜನ ಬರಿಗಾಲಲ್ಲಿ ನಿಂತಿದ್ದಾರೆ. ಅರವತ್ತು ದಾಟಿದ ಒಬ್ಬರು, ನಿವೃತ್ತ ಟೀಚರ್, ಚಾಕುವಿನ ತುದಿಯಲ್ಲಿ ಚೂರು ಉಪ್ಪು ತೆಗೆದು ನೀರಿಗೆ ಬಿಡುತ್ತಾರೆ. ಮೂರು ಸಲ. ಮೂರನೇ ಸಲ ಚಾಕು ಬಟ್ಟಲಿನ ಅಂಚಿಗೆ ತಾಗಿ ಟಿಣ್ ಅನ್ನುತ್ತದೆ. ಆ ಸದ್ದಿಗೆ ಎಲ್ಲರ ಮಾತೂ ನಿಂತುಹೋಗುತ್ತದೆ.

ವಿಕ್ಕಾದವರ ವೃತ್ತದೊಳಗೆ ನಾನು ಮೊದಲ ಸಲ ನಿಂತದ್ದು ಹೀಗೆ. ಕೆಲಸಕ್ಕೆ ಅಂತ ಹೋಗಿ ಆ ಊರಲ್ಲಿ ಕೆಲವು ವರ್ಷ ಇದ್ದೆ. ಆ ಟೀಚರ್ ನನ್ನ ಪಕ್ಕದ ಬೀದಿಯವರು. ಮೊದಲು ಟೀ ಕುಡಿಯೋಕೆ ಕರೆದರು, ಆಮೇಲೆ ಹಬ್ಬಕ್ಕೆ ಕರೆದರು, ಆಮೇಲೆ ನಾನೇ ಪ್ರತಿ ತಿಂಗಳು ಹೋಗತೊಡಗಿದೆ. ಅವರನ್ನು ಇವತ್ತಿನ ಮಾತಿನಲ್ಲಿ ಹಿರಿಯಾಕೆ ಅಂತ ಕರೆಯುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಿಕ್ಕಾದವರಲ್ಲಿ ಬಹಳ ಜನ ತಮ್ಮನ್ನು ವಿಚ್ ಅಂತ ಕರೆದುಕೊಳ್ಳುತ್ತಾರೆ. ವಿಚ್ ಅಂದ ಕೂಡಲೇ ನಮ್ಮ ಕಿವಿಗೆ ಮಾಟಗಾತಿ ಅಂತಲೇ ಕೇಳಿಸುತ್ತದೆ. ಮೂರು ದಾರಿ ಕೂಡುವಲ್ಲಿ ಕುಂಕುಮ ಬಳಿದ ನಿಂಬೆಹಣ್ಣು ಕಂಡರೆ ನಾವು ಸುತ್ತಿಬಳಸಿ ಹೋಗುತ್ತೇವೆ, ಅಲ್ವಾ. ನಮ್ಮ ದೇಶದಲ್ಲಿ ಮಾಟಗಾತಿ ಅನ್ನುವ ಆರೋಪ ಹೊರಿಸಿ ಹೆಂಗಸರನ್ನು ಹೊಡೆದು ಕೊಂದದ್ದೂ ಉಂಟು, ಆ ನೋವು ನಿಜವಾದದ್ದು, ಅದನ್ನು ಪಕ್ಕಕ್ಕೆ ಸರಿಸಿ ಮಾತಾಡುವುದು ನನಗೆ ಇಷ್ಟವಿಲ್ಲ. ಆದರೆ ಇಲ್ಲಿ ಹೇಳುತ್ತಿರುವುದು ಬೇರೆ. ವಿಕ್ಕಾ ಅನ್ನುವುದು ಒಂದು ಧರ್ಮ. ದೇವಿಯನ್ನೂ ಕೊಂಬಿನ ದೇವನನ್ನೂ ಪೂಜಿಸುತ್ತಾರೆ, ಹುಣ್ಣಿಮೆ ಆಚರಿಸುತ್ತಾರೆ, ವರ್ಷಕ್ಕೆ 8 ಹಬ್ಬ ಮಾಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 13,000 ಜನ ತಮ್ಮ ಧರ್ಮ ವಿಕ್ಕಾ ಅಂತಲೇ ಬರೆಸಿದ್ದಾರೆ. ಪೇಗನ್ ಅನ್ನುವುದು ವಿಕ್ಕಾದಂಥ ಹಲವು ದಾರಿಗಳಿಗೆ ಒಟ್ಟಾರೆ ಹೆಸರು, ಹಾಗೆ ಬರೆಸಿದವರು ಇನ್ನೂ ಜಾಸ್ತಿ, ಸುಮಾರು 74,000.

ಇದನ್ನು ಹೊರಗಿನ ಜಗತ್ತಿಗೆ ತಂದವರು ಜೆರಾಲ್ಡ್ ಗಾರ್ಡ್ನರ್. ಹುಟ್ಟಿದ್ದು 1884ರಲ್ಲಿ, ಲಿವರ್‌ಪೂಲ್ ಹತ್ತಿರ. ದುಡಿಮೆಯ ಬದುಕಿನ ಬಹುಭಾಗ ಕಳೆದದ್ದು ನಮ್ಮ ಕಡೆ: ಸಿಲೋನಿನ ಟೀ ತೋಟ, ಆಮೇಲೆ ಮಲಯದ ರಬ್ಬರ್ ತೋಟ, ಆಮೇಲೆ ಅಲ್ಲೇ ಕಸ್ಟಮ್ಸ್ ಕೆಲಸ. 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಒಂದು ಗುಟ್ಟಿನ ಗುಂಪು ತಮಗೆ ದೀಕ್ಷೆ ಕೊಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. 1735ರ ವಿಚ್‌ಕ್ರಾಫ್ಟ್ ಕಾಯಿದೆ ರದ್ದಾದದ್ದು 1951ರಲ್ಲಿ. ಅದಾದ ಮೂರು ವರ್ಷಕ್ಕೆ, 1954ರಲ್ಲಿ, ಗಾರ್ಡ್ನರ್ ಅವರ ಪುಸ್ತಕ ಬಂತು. ಇದು ಆದಿಕಾಲದಿಂದ ಉಳಿದುಬಂದ ಧರ್ಮ ಅಂತ ಅವರು ನಂಬಿದ್ದರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಎಳೆ ಎಳೆಯಾಗಿ ಬಿಡಿಸಿ ತೋರಿಸಿದ್ದು ಏನೆಂದರೆ, ಇದು ಇಪ್ಪತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಕಟ್ಟಿದ ಹೊಸ ಧರ್ಮ, ಕಟ್ಟಲು ಬಳಸಿದ ಸಾಮಾನು ಮಾತ್ರ ಹಳೆಯದು. ನನಗೆ ಹಟನ್ ಹೇಳಿದ್ದೇ ಸರಿ ಅನ್ನಿಸುತ್ತದೆ. ಹೊಸದು ಅಂದಮಾತ್ರಕ್ಕೆ ಸುಳ್ಳು ಅಂತಲ್ಲ.

ಆ ಹಳೆಯ ಸಾಮಾನಿನಲ್ಲಿ ವೃತ್ತವೂ ಒಂದು. ಯುರೋಪಿನ ಮಂತ್ರವಾದಿಗಳು ಶತಮಾನಗಳಿಂದ ನೆಲದ ಮೇಲೆ ವೃತ್ತ ಬರೆದು ಒಳಗೆ ನಿಲ್ಲುತ್ತಿದ್ದರು. ಸೊಲೊಮನ್ ರಾಜನ ಹೆಸರಿನಲ್ಲಿ ಓಡಾಡುತ್ತಿದ್ದ ಕೈಬರಹದ ಮಂತ್ರಪುಸ್ತಕಗಳಲ್ಲಿ ಇದರ ಅಳತೆ, ಹೆಸರು, ಗುರುತು ಎಲ್ಲ ಇದೆ. 1889ರಲ್ಲಿ ಅವುಗಳಲ್ಲಿ ಒಂದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಗಾರ್ಡ್ನರ್ ಅದನ್ನು ಓದಿದ್ದರು. ಅವರು ಹೇಳುವ ವೃತ್ತದ ಅಳತೆ ಅಡ್ಡಕ್ಕೆ 9 ಅಡಿ, ಅದರ ಸುತ್ತ ಆರಾರು ಇಂಚು ಬಿಟ್ಟು ಇನ್ನೂ ಎರಡು ವೃತ್ತ, ಒಟ್ಟು 11 ಅಡಿ. ನಮ್ಮ ಹಿರಿಯಾಕೆಯ ಹಾಲ್‌ನಲ್ಲಿ 9 ಅಡಿಯೂ ಸರಿಯಾಗಿ ಸಿಗುತ್ತಿರಲಿಲ್ಲ, ಕಿಟಕಿ ಕಡೆ ನಿಂತವರ ಬೆನ್ನಿಗೆ ರೇಡಿಯೇಟರ್ ತಾಗುತ್ತಿತ್ತು.

ಆದರೆ ಗಾರ್ಡ್ನರ್ ಒಂದು ದೊಡ್ಡ ಬದಲಾವಣೆ ಮಾಡಿದರು. ಮಂತ್ರವಾದಿ ವೃತ್ತ ಬರೆಯುತ್ತಿದ್ದದ್ದು ಭಯಕ್ಕೆ. ಹೊರಗೆ ಕರೆದು ನಿಲ್ಲಿಸಿದ ಭೂತ ತನ್ನ ಮೇಲೆ ಎರಗದಿರಲಿ ಅಂತ. ವಿಕ್ಕಾದಲ್ಲಿ ವೃತ್ತ ಇರುವುದು ಒಳಗಿನದು ಹೊರಗೆ ಚೆಲ್ಲದಿರಲಿ ಅಂತ. ಹಾಡಿ, ಕುಣಿದು, ಸುಮ್ಮನೆ ಕೈ ಹಿಡಿದು ಕೂತು ಜನ ತಮ್ಮೊಳಗಿಂದ ಎಬ್ಬಿಸುವ ಶಕ್ತಿಯನ್ನು ಅದು ಹಿಡಿದಿಡುತ್ತದೆ, ಪಾತ್ರೆ ನೀರನ್ನು ಹಿಡಿದ ಹಾಗೆ. ಇದನ್ನು ನೆನಪಿಟ್ಟುಕೊಳ್ಳಿ. ಪಾತ್ರೆ ಅಂದ ಮೇಲೆ ಅದನ್ನು ಖಾಲಿ ಮಾಡಿ ತೊಳೆದಿಡುವ ಕೆಲಸವೂ ಇರುತ್ತದೆ. ನನ್ನ ಇವತ್ತಿನ ಮಾತು ಪೂರ್ತಿ ಅದರ ಬಗ್ಗೆಯೇ.

ಈಗ ಕಟ್ಟುವುದು ಹೇಗೆ ಅಂತ ನೋಡೋಣ. ಗುಂಪಿನಿಂದ ಗುಂಪಿಗೆ ವ್ಯತ್ಯಾಸ ಇದೆ, ನಾನು ಕಂಡದ್ದನ್ನು ಹೇಳುತ್ತೇನೆ.

ಮೊದಲು ಗುಡಿಸುವುದು. ಕಡ್ಡಿ ಪೊರಕೆಯಲ್ಲಿ ನೆಲಕ್ಕೆ ತಾಗಿಯೂ ತಾಗದ ಹಾಗೆ ಸುತ್ತ ಗುಡಿಸುತ್ತಾರೆ. ಕಸ ಗುಡಿಸುವುದು ಮಧ್ಯಾಹ್ನವೇ ಆಗಿರುತ್ತದೆ, ಇದು ಬೇರೆ. ಆಮೇಲೆ ಉಪ್ಪು ನೀರು, ಆಗಲೇ ಹೇಳಿದೆನಲ್ಲ. ಆಮೇಲೆ ಚಾಕು. ಇದಕ್ಕೆ ಅಥಾಮೆ ಅಂತ ಹೆಸರು. ಇದರಲ್ಲಿ ಏನನ್ನೂ ಕೊಯ್ಯುವುದಿಲ್ಲ. ದಾರ ಕತ್ತರಿಸೋಕೆ, ಮೇಣದಬತ್ತಿ ಕೆತ್ತೋಕೆ ಬಿಳಿ ಹಿಡಿಯ ಚಾಕು ಬೇರೆ ಇರುತ್ತದೆ. ಗಾರ್ಡ್ನರ್ ಅವರಿಗೆ ಚಾಕುಗಳ ಹುಚ್ಚು ಮೊದಲಿಂದಲೂ ಇತ್ತು, ಮಲಯದ ಕ್ರಿಸ್ ಚಾಕುಗಳ ಬಗ್ಗೆ 1936ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದರು. ಅಲ್ಲಿ ಚಾಕುವಿಗೂ ಜೀವ ಇದೆ ಅಂತ ಜನ ನಂಬುವುದನ್ನು ಅವರು ಹತ್ತಿರದಿಂದ ಕಂಡವರು.

ವೃತ್ತ ಕಟ್ಟುವವರು ಚಾಕುವಿನ ತುದಿಯನ್ನು ಹೊರಗೆ ಮಾಡಿ, ಗಡಿಯಾರದ ಮುಳ್ಳು ಸುತ್ತುವ ಹಾಗೆ, ಅಂದರೆ ನಮ್ಮ ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯುತ್ತಾರೆ. ತುದಿಯಿಂದ ಬೆಳಕಿನ ಗೆರೆಯೊಂದು ಹೊರಡುತ್ತಿದೆ ಅಂತ ಮನಸ್ಸಿನಲ್ಲಿ ಕಾಣುತ್ತಾರೆ. ಹೆಸರಿಗೆ ವೃತ್ತ, ಆದರೆ ಅವರು ಕಾಣುವುದು ಒಂದು ಚೆಂಡನ್ನು. ತಲೆಯ ಮೇಲೂ ಇದೆ, ಕಾಲಿನ ಕೆಳಗೆ ನೆಲದೊಳಗೂ ಇದೆ. ನಡೆಯುತ್ತ ಹೇಳುವ ಮಾತಿನ ಸಾರ ಇಷ್ಟು: ನೀನು ಮನುಷ್ಯರ ಲೋಕಕ್ಕೂ ಆಚೆಯ ಲೋಕಕ್ಕೂ ನಡುವಿನ ಗಡಿ. ಹಲವು ಗುಂಪುಗಳಲ್ಲಿ ಈಶಾನ್ಯದಲ್ಲಿ ಒಂದು ಜಾಗ ಬಿಟ್ಟು, ಬಂದವರನ್ನು ಒಬ್ಬೊಬ್ಬರನ್ನಾಗಿ ಮುತ್ತು ಕೊಟ್ಟು ಒಳಗೆ ಕರೆದು, ಆಮೇಲೆ ಆ ಬಾಗಿಲು ಮುಚ್ಚುತ್ತಾರೆ. ಉಪ್ಪು ನೀರು ಒಂದು ಸುತ್ತು, ಧೂಪ ಒಂದು ಸುತ್ತು, ದೀಪ ಒಂದು ಸುತ್ತು.

ಕೊನೆಗೆ ನಾಲ್ಕು ದಿಕ್ಕು. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಭೂಮಿ. ಪ್ರತಿ ದಿಕ್ಕಿಗೂ ಎಲ್ಲರೂ ತಿರುಗಿ ನಿಂತು ಗಾಳಿಯಲ್ಲಿ ಐದು ಮೂಲೆಯ ನಕ್ಷತ್ರ ಬರೆದು ಅಲ್ಲಿಯ ಕಾವಲುಗೋಪುರದ ಕಾವಲುಗಾರನನ್ನು ಕರೆಯುತ್ತಾರೆ. ಕಾವಲುಗೋಪುರ ಅನ್ನುವ ಮಾತು ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ವಿದ್ವಾಂಸ ಜಾನ್ ಡೀ ಅವರಿಂದ, 1580ರ ದಶಕದ ಅವರ ಟಿಪ್ಪಣಿಗಳಿಂದ ಹೊರಟು, 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗುಪ್ತ ಸಂಘದ ಮೂಲಕ ವಿಕ್ಕಾಕ್ಕೆ ಬಂದದ್ದು. ನಾನು ಮೊದಲ ದಿನ ಮನಸ್ಸಿನಲ್ಲೇ ನಮ್ಮ ದಿಕ್ಪಾಲಕರ ಜೊತೆ ತಾಳೆ ನೋಡಿದೆ. ವರುಣ ಪಶ್ಚಿಮ, ಸರಿಹೋಯಿತು. ಅಗ್ನಿ ನಮ್ಮಲ್ಲಿ ಆಗ್ನೇಯ, ವಾಯು ವಾಯುವ್ಯ, ಅಲ್ಲಿಗೆ ತಾಳೆ ತಪ್ಪಿತು. ತಪ್ಪಲಿ ಬಿಡಿ, ಅವರದು ಅವರ ಭೂಗೋಳ. ಇಂಗ್ಲೆಂಡಿನಲ್ಲಿ ಒಂದು ವರ್ಷ ಕಳೆದರೆ ಸಾಕು, ನೀರು ಯಾಕೆ ಪಶ್ಚಿಮದ್ದು ಅಂತ ಗೊತ್ತಾಗುತ್ತದೆ, ಅಟ್ಲಾಂಟಿಕ್ ಕಡೆಯಿಂದಲೇ ಮೋಡ ಬರುತ್ತದೆ.

ಹಾಗಾದರೆ ಆಸ್ಟ್ರೇಲಿಯಾದವರು ಏನು ಮಾಡಬೇಕು? ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಗಡಿಯಾರದ ದಿಕ್ಕಿನಲ್ಲಿ ಸುತ್ತುವುದಕ್ಕೆ ವಿಕ್ಕಾದವರು ಬಳಸುವ ಡಿಯೋಸಿಲ್ ಅನ್ನುವ ಮಾತು ಗೇಲಿಕ್ ಭಾಷೆಯಿಂದ ಬಂದದ್ದು, ಸೂರ್ಯ ನಡೆಯುವ ಹಾಗೆ ನಡೆಯುವುದು ಅಂತ ಅರ್ಥ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟಿ ದಕ್ಷಿಣದ ಆಕಾಶದಲ್ಲಿ ಹಾದು ಪಶ್ಚಿಮಕ್ಕೆ ಇಳಿಯುತ್ತಾನೆ, ಆದ್ದರಿಂದ ಬಲಸುತ್ತು, ಬೆಂಕಿಗೆ ದಕ್ಷಿಣ. ಮೆಲ್ಬರ್ನ್‌ನಲ್ಲಿ ನಿಂತರೆ ಸೂರ್ಯ ಉತ್ತರದ ಕಡೆ ಹಾದುಹೋಗುತ್ತಾನೆ. ಅಲ್ಲಿ ಸೂರ್ಯನ ಜೊತೆ ನಡೆಯಬೇಕೆಂದರೆ ಎಡಸುತ್ತು ಸುತ್ತಬೇಕು, ಬೆಂಕಿಯನ್ನು ಉತ್ತರಕ್ಕೆ ಕರೆಯಬೇಕು. ಅಲ್ಲಿಯ ಬಹಳ ಜನ ಹಾಗೇ ಮಾಡುತ್ತಾರೆ, ಕೆಲವರು ಇಂಗ್ಲೆಂಡಿನ ಪದ್ಧತಿಯನ್ನೇ ಹಿಡಿದಿದ್ದಾರೆ. ನಮ್ಮ ಕಡೆ ಇನ್ನೂ ವಿಚಿತ್ರ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ನೆರಳೇ ಬೀಳದ ದಿನ ಬರುತ್ತದೆ, ಅಲ್ಲಿಂದ ಆಗಸ್ಟ್ 18ರ ಸುಮಾರಿನ ತನಕ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆ ನಾಲ್ಕು ತಿಂಗಳು ಮಧ್ಯಾಹ್ನದ ಬೆಂಕಿ ಯಾವ ದಿಕ್ಕಿನದು? ನಾನು ಇದನ್ನು ಕೇಳಿದಾಗ ಹಿರಿಯಾಕೆ ತುಂಬಾ ಹೊತ್ತು ಯೋಚಿಸಿ, "ಹೊರಗೆ ಹೋಗಿ ನಿಂತು ನೋಡು, ಬಿಸಿಲು ಎಲ್ಲಿ ತಾಗುತ್ತೆ ಅಂತ" ಅಂದರು.

ವೃತ್ತ ಆದ ಮೇಲೆ ನಡುವಿನ ಕೆಲಸ ನಡೆಯುತ್ತದೆ. ದೇವಿಯ ಪೂಜೆ, ಧ್ಯಾನ, ಯಾರಿಗೋ ಹುಷಾರಿಲ್ಲದಿದ್ದರೆ ಅವರಿಗಾಗಿ ಪ್ರಾರ್ಥನೆ, ಕೊನೆಗೆ ಕೇಕು ಮತ್ತು ವೈನು. ಅದಕ್ಕೆ ಇವತ್ತು ಹೋಗುವುದಿಲ್ಲ.

ಈಗ ಬಿಚ್ಚುವುದು. ಪುಸ್ತಕಗಳಲ್ಲಿ ನೋಡಿ, ಕಟ್ಟೋಕೆ ಏಳೆಂಟು ಪುಟ, ಬಿಚ್ಚೋಕೆ ಅರ್ಧ ಪುಟ. ಓದಿದವರೂ ಹಾಗೇ ಕಲಿಯುತ್ತಾರೆ. ನಾನೂ ಹಾಗೇ ಕಲಿತೆ, ಅದರಿಂದ ಒಬ್ಬರಿಗೆ ನೋವಾಯಿತು.

ಎರಡು ವರ್ಷ ಆದ ಮೇಲೆ ಒಂದು ಸಂಜೆ ವೃತ್ತ ನಡೆಸುವ ಕೆಲಸ ನನಗೆ ಕೊಟ್ಟರು. ಅಕ್ಟೋಬರ್ 31, ಸಾವ್ಯಿನ್ ಹಬ್ಬ, ಸತ್ತವರನ್ನು ನೆನೆಯುವ ರಾತ್ರಿ. ಮೂರು ವಾರ ಅಭ್ಯಾಸ ಮಾಡಿದ್ದೆ. ಬಸ್ಸಿನಲ್ಲಿ ಕೂತು ನಾಲ್ಕು ದಿಕ್ಕಿನ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಬಿಚ್ಚುವುದು ಏನು, ಉಲ್ಟಾ ಮಾಡಿದರಾಯಿತು ಅಂದುಕೊಂಡಿದ್ದೆ. ಗುಂಪಿನಲ್ಲಿ ಒಬ್ಬಳು ಗೆಳತಿ, ಆ ವರ್ಷವೇ ತಾಯಿಯನ್ನು ಕಳೆದುಕೊಂಡವಳು, ಅವತ್ತು ಮೊದಲ ಸಲ ಬಾಯಿಬಿಟ್ಟು ಅಮ್ಮನ ಬಗ್ಗೆ ಮಾತಾಡಿದಳು. ಆಸ್ಪತ್ರೆಯಲ್ಲಿ ಕೊನೆಯ ದಿನ ಅಮ್ಮನ ಕೈಯಿಂದ ಬಳೆ ತೆಗೆದದ್ದು, ಅದು ಬಿಸಿಯಾಗಿ ಇದ್ದದ್ದು. ಎಲ್ಲರೂ ಅತ್ತೆವು. ಕೇಕು ಹಂಚಿದೆವು. ಗಂಟೆ ಹನ್ನೊಂದಾಗಿತ್ತು, ಯಾರಿಗೋ ಕೊನೆಯ ಬಸ್ಸು ಹಿಡಿಯಬೇಕಿತ್ತು. ನಾನು ಅವಸರದಲ್ಲಿ ನಾಲ್ಕು ದಿಕ್ಕಿಗೆ ಹಚ್ಚಿಟ್ಟ ನಾಲ್ಕು ಬತ್ತಿಗಳನ್ನು ಊದಿ, "ಸರಿ, ಮುಗೀತು, ಎಲ್ಲರಿಗೂ ಥ್ಯಾಂಕ್ಸ್" ಅಂದುಬಿಟ್ಟೆ. ಲೈಟು ಹಾಕಿದರು, ಕೋಟು ಹುಡುಕಿದರು, ಹೋದರು.

ರಾತ್ರಿ ಎರಡಕ್ಕೆ ಅವಳ ಫೋನು ಬಂತು. ಅಳುತ್ತಿದ್ದಳು. "ನಾನಿನ್ನೂ ಅಲ್ಲೇ ಇದೀನಿ ಅನ್ಸುತ್ತೆ" ಅಂದಳು. ಮನೆ ತಲುಪಿ ಎಷ್ಟೋ ಹೊತ್ತಾಗಿತ್ತು, ಬೂಟು ಕೂಡ ಬಿಚ್ಚಿರಲಿಲ್ಲ.

ಇದು ದೆವ್ವದ ಕತೆ ಅಲ್ಲ. ಒಬ್ಬ ಮನುಷ್ಯಳನ್ನು ಅಷ್ಟು ಎಚ್ಚರದಿಂದ, ಒಂದೊಂದೇ ಹೆಜ್ಜೆಯಾಗಿ ಒಳಗೆ ಕರೆದುಕೊಂಡು ಹೋಗಿ, ಎದೆಯೊಳಗಿನದನ್ನು ಹೊರಗಿಡಿಸಿ, ವಾಪಸ್ ಕರೆತರದೆ ಲೈಟು ಹಾಕಿಬಿಟ್ಟೆ, ಅಷ್ಟೇ. ಶಕ್ತಿ, ಲೋಕ, ಗಡಿ ಇವನ್ನೆಲ್ಲ ನಂಬದವರಿಗೂ ಇದು ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಮರುದಿನ ಬೆಳಿಗ್ಗೆ ಹಿರಿಯಾಕೆ ನಮ್ಮಿಬ್ಬರನ್ನೂ ಮನೆಗೆ ಕರೆದರು. ನನಗೆ ಒಂದು ಮಾತೂ ಬೈಯಲಿಲ್ಲ. ಸೋಫಾ ಆಗಲೇ ತನ್ನ ಜಾಗಕ್ಕೆ ಬಂದಿತ್ತು. ಅದನ್ನು ಮತ್ತೆ ಗೋಡೆಗೆ ತಳ್ಳಿಸಿದರು. ನಾಲ್ಕು ಬತ್ತಿ ಮತ್ತೆ ಹಚ್ಚಿಸಿದರು. ಹಗಲು ಬೆಳಕಿನಲ್ಲಿ, ಹೊರಗೆ ಕಸದ ಲಾರಿಯ ಸದ್ದಿನ ನಡುವೆ, ಹಿಂದಿನ ರಾತ್ರಿಯ ವೃತ್ತವನ್ನು ಅವತ್ತು ಬಿಚ್ಚಿದೆವು. ಬಿಚ್ಚುವುದು ಅಂದರೆ ಏನು ಅಂತ ನಾನು ಕಲಿತದ್ದು ಆ ಬೆಳಿಗ್ಗೆಯೇ.

ಮೊದಲು ದೇವಿಗೂ ದೇವನಿಗೂ ಕೃತಜ್ಞತೆ. ಆಮೇಲೆ ದಿಕ್ಕುಗಳು. ಕೆಲವರು ಪೂರ್ವದಿಂದಲೇ ಶುರು ಮಾಡಿ ಬಲಸುತ್ತು ಹೋಗುತ್ತಾರೆ, ಯಾಕೆಂದರೆ ವೃತ್ತದೊಳಗೆ ಎಡಸುತ್ತು ನಡೆಯಲೇಬಾರದು ಅನ್ನುವುದು ಅವರ ನಿಯಮ. ನಮ್ಮ ಗುಂಪಿನಲ್ಲಿ ಕೊನೆಗೆ ಕರೆದ ಉತ್ತರಕ್ಕೆ ಮೊದಲ ಬೀಳ್ಕೊಡುಗೆ. ಉತ್ತರಕ್ಕೆ ತಿರುಗಿ ನಿಂತು ಗಾಳಿಯಲ್ಲಿ ನಕ್ಷತ್ರ ಬರೆಯಬೇಕು. ಕರೆಯುವಾಗ ಮೇಲಿನ ತುದಿಯಿಂದ ಕೆಳಗೆ ಎಡಕ್ಕೆ ಎಳೆದದ್ದನ್ನು ಈಗ ಕೆಳಗಿನ ಎಡತುದಿಯಿಂದ ಮೇಲಕ್ಕೆ ಎಳೆಯಬೇಕು. ಬಂದದ್ದಕ್ಕೆ ವಂದನೆ, ಹೋಗಿ ಬನ್ನಿ. ಬತ್ತಿಯನ್ನು ಊದಬಾರದು ಅಂದರು ಹಿರಿಯಾಕೆ, ಹಿತ್ತಾಳೆಯ ಪುಟ್ಟ ಟೋಪಿಯಂಥದ್ದನ್ನು ಕೊಟ್ಟರು. ಅದನ್ನು ಜ್ವಾಲೆಯ ಮೇಲೆ ಇಳಿಸಿ, ಒಳಗೆ ಬೆಳಕು ಸಾಯುವ ತನಕ ಕಾಯಬೇಕು. ಒಂದೆರಡು ಕ್ಷಣ ಅಷ್ಟೇ. ಹೊಗೆಯ ಸಣ್ಣ ಎಳೆ ಏಳುತ್ತದೆ. ನಾಲ್ಕು ದಿಕ್ಕು, ನಾಲ್ಕು ಸಲ. ಆ ಕಾಯುವುದರಲ್ಲೇ ಅರ್ಧ ಕೆಲಸ ಆಗುತ್ತದೆ.

ಆಮೇಲೆ ಚಾಕು ಹಿಡಿದು ಎಡಸುತ್ತು ನಡೆದು, ಬೆಳಕಿನ ಗೆರೆಯನ್ನು ವಾಪಸ್ ಸುತ್ತಿಕೊಳ್ಳಬೇಕು, ನೂಲು ಉಂಡೆಗೆ ಸುತ್ತಿದ ಹಾಗೆ. ಉಳಿದದ್ದನ್ನು ಭೂಮಿಗೆ ಬಿಡಬೇಕು. ಎರಡೂ ಅಂಗೈ ನೆಲಕ್ಕೆ ಊರಿ, ಕೆಲವರು ಹಣೆಯನ್ನೂ ಊರಿ, ಮೈಯಲ್ಲಿ ಜುಮ್ಮೆನ್ನುವುದು ಇಳಿಯುವ ತನಕ ಇರುತ್ತಾರೆ. ನಮ್ಮ ಗೆಳತಿ ತುಂಬಾ ಹೊತ್ತು ಹಾಗೇ ಇದ್ದಳು. ಎದ್ದಾಗ ಕಾರ್ಪೆಟ್ಟಿನ ಗೀರು ಅವಳ ಅಂಗೈ ಮೇಲೆ ಮೂಡಿತ್ತು. ಕೊನೆಗೆ ಮೂವರೂ ಕೈ ಹಿಡಿದು ಹೇಳಿದ್ದು ಅವರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು: ವೃತ್ತ ತೆರೆದಿದೆ, ಆದರೆ ಮುರಿದಿಲ್ಲ, ನಲಿದು ಕೂಡಿದೆವು, ನಲಿದು ಅಗಲುತ್ತೇವೆ, ಮತ್ತೆ ನಲಿದು ಕೂಡೋಣ.

ಆ ಮಾತು ಕೇಳಿದಾಗ ನನಗೆ ನಮ್ಮ ತಾತ ನೆನಪಾದರು. ಪಡಸಾಲೆಯಲ್ಲಿ ಜಪಕ್ಕೆ ಕೂರುವಾಗ ತಲೆಯ ಸುತ್ತ ಚಿಟಿಕೆ ಹೊಡೆದು "ಇತಿ ದಿಗ್ಬಂಧಃ" ಅನ್ನುತ್ತಿದ್ದರು. ಮುಗಿಸುವಾಗ "ಇತಿ ದಿಗ್ವಿಮೋಕಃ". ಚಿಕ್ಕವಳಾಗಿ ನಾನು ಕಾಯುತ್ತಿದ್ದದ್ದು ಆ ಎರಡನೆಯದಕ್ಕೆ, ಅದು ಕೇಳಿಸಿದರೆ ತಾತನನ್ನು ಮುಟ್ಟಬಹುದು, ಮಾತಾಡಿಸಬಹುದು. ಹಬ್ಬದ ಪೂಜೆ ಮುಗಿದ ಮೇಲೆ ದೇವರನ್ನು ಕಳಿಸುವಾಗಲೂ "ಪುನರಾಗಮನಾಯ ಚ" ಅನ್ನುತ್ತೇವಲ್ಲ, ಮತ್ತೆ ಬರೋಕೆ ಅಂತ. ವಿಕ್ಕಾ ಇದನ್ನು ನಮ್ಮಿಂದ ತೆಗೆದುಕೊಂಡಿತು ಅಂತ ನಾನು ಹೇಳುತ್ತಿಲ್ಲ. ಅವರ ದಾರಿ ಬೇರೆ, ಆಗಲೇ ಹೇಳಿದೆ. ಆದರೆ ಕಟ್ಟಿದ ದಿಕ್ಕನ್ನು ಬಾಯಿಬಿಟ್ಟು ಹೇಳಿ ಬಿಚ್ಚಬೇಕು ಅನ್ನುವುದನ್ನು ಎರಡೂ ಕಡೆಯವರು ಕಂಡುಕೊಂಡಿದ್ದಾರೆ. ನನಗೆ ಅದು ಮನೆಯಲ್ಲೇ ಗೊತ್ತಿತ್ತು, ಅಲ್ಲಿ ಹೋಗಿ ಮರೆತಿದ್ದೆ.

ಗೆಳತಿ ಅವತ್ತು ಹಿರಿಯಾಕೆಯ ಅಡುಗೆಮನೆಯಲ್ಲಿ ಬೆಣ್ಣೆ ಹಚ್ಚಿದ ಟೋಸ್ಟು ನಾಲ್ಕು ತಿಂದಳು. ತಿನ್ನುವುದೂ ಬಿಚ್ಚುವುದರ ಭಾಗವೇ. "ಈಗ ಮನೆಗೆ ಹೋಗಬಹುದು ಅನ್ಸುತ್ತೆ" ಅಂದಳು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ನಡುವೆ ಎದ್ದು ಹೋಗಲೇಬೇಕಾದರೆ? ಮಗು ಅತ್ತರೆ, ಬಾಗಿಲು ಬಡಿದರೆ? ಆಗ ವೃತ್ತದಲ್ಲಿ ಒಂದು ಬಾಗಿಲು ಕತ್ತರಿಸುತ್ತಾರೆ. ಚಾಕುವಿನಲ್ಲಿ ನೆಲದಿಂದ ಮೇಲಕ್ಕೆ, ಅಡ್ಡಕ್ಕೆ, ಮತ್ತೆ ನೆಲಕ್ಕೆ ಗೆರೆ ಎಳೆದು, ಪರದೆ ಸರಿಸಿದ ಹಾಗೆ ಸರಿಸಿ ಹೊರಗೆ ಹೋಗಿ, ಬಂದ ಮೇಲೆ ಮುಚ್ಚುತ್ತಾರೆ. ಚಾಕು ಇಲ್ಲದಿದ್ದರೆ ಬೆರಳು ಸಾಕು. ಬೆಕ್ಕು ಮತ್ತು ಪುಟ್ಟ ಮಕ್ಕಳಿಗೆ ಬಾಗಿಲು ಬೇಕಿಲ್ಲ, ಅವರು ಹೋಗಿ ಬಂದರೆ ವೃತ್ತಕ್ಕೆ ಏನೂ ಆಗುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ. ಹಿರಿಯಾಕೆಯ ಬೆಕ್ಕು ಪ್ರತಿ ಸಲವೂ ದಕ್ಷಿಣದ ಬತ್ತಿಯ ಹತ್ತಿರ ಬಂದು ಮಲಗುತ್ತಿತ್ತು.

ಇನ್ನೊಬ್ಬರು: ಬೆಂಕಿ ಅನಾಹುತ ಏನಾದರೂ ಆದರೆ? ಆಗ ಬಾಗಿಲು ಗೀಗಿಲು ಏನೂ ಇಲ್ಲ, ಓಡಿ. ಎಲ್ಲರೂ ಕ್ಷೇಮ ಅಂತಾದ ಮೇಲೆ, ಅದು ಮರುದಿನವಾದರೂ ಸರಿ, ವಾಪಸ್ ಬಂದು ಬಿಚ್ಚಿ.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, ಪಾತ್ರೆಯ ಮಾತನ್ನು ನೆನಪಿಟ್ಟುಕೊಂಡಿದ್ದರು ಅಂತ ಕಾಣುತ್ತದೆ, "ಆ ಉಪ್ಪು ನೀರನ್ನ ಏನ್ ಮಾಡ್ತಾರಮ್ಮ?" ಅಂತ ಕೇಳಿದರು. ಗಿಡಕ್ಕೆ ಹಾಕುವ ಹಾಗಿಲ್ಲ ಅಜ್ಜಿ, ಉಪ್ಪಿಗೆ ಗಿಡ ಸಾಯುತ್ತದೆ. ಉಳಿದ ವೈನನ್ನು, ಕೇಕಿನ ಪುಡಿಯನ್ನು ಮಣ್ಣಿಗೆ ಹಾಕುತ್ತಾರೆ. ಉಪ್ಪು ನೀರನ್ನು ಹಿರಿಯಾಕೆ ಅಡುಗೆಮನೆಯ ಸಿಂಕಿಗೆ ಸುರಿದು, ಮೇಲಿಂದ ನಲ್ಲಿ ಬಿಟ್ಟು, ಒಂದೆರಡು ನಿಮಿಷ ಹಾಗೇ ಹರಿಯಲು ಬಿಡುತ್ತಿದ್ದರು. ಆಮೇಲೆ ಬಟ್ಟಲು ಒರೆಸಿ, ಬೋರಲು ಹಾಕಿ, ಟೀಗೆ ನೀರಿಡುತ್ತಿದ್ದರು.